ಬಿಂದು ಮಾಮಾ ಸೇರಿಸಿದ ಪುಟ

ಬೆಳಿಗ್ಗೆ ಕೇದಾರ ಘಾಟಿನ ಮೆಟ್ಟಿಲ ಮೇಲೆ ನಿಂತರೆ ಗಂಗೆಯ ನೀರಿನಿಂದ ಒಂದು ಕೈ ಮಾತ್ರ ಮೇಲೆ ಎದ್ದಿರುವುದು ಕಾಣುತ್ತಿತ್ತು. ಆ ಕೈಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಹೊಸದಾಗಿ ಬಂದ ಯಾತ್ರಿಕರು ಯಾರೋ ಮುಳುಗುತ್ತಿದ್ದಾರೆಂದು ಗಾಬರಿಯಾಗುತ್ತಿದ್ದರು. ದೋಣಿಯವರು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈಯ ಕೆಳಗಿನಿಂದ ಬೋಳುತಲೆಯೊಂದು ಬುಸ್ಸೆಂದು ನೀರು ಉಗುಳುತ್ತ ಮೇಲೆ ಬರುತ್ತಿತ್ತು. ಅದು ಬಿಂದು ಮಾಮಾ. ಛತ್ರದ ಬೀಗದ ಕೈಗಳನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಮುಳುಗುವಾಗ ಜನಿವಾರದ ಸಮೇತ ಅವನ್ನು ಮೇಲಕ್ಕೆ ಎಳೆದು ಹಿಡಿಯುತ್ತಿದ್ದರು. ಯಾಕೆಂದು ಕೇಳಿದರೆ, “ಗಂಗವ್ವಗ ಕೀಲಿಕೈ ಯಾಕ ಬೇಕು? ಆಕಿಗೇನು ಬಾಗಲಾ ಅದ ಏನು?” ಅನ್ನುತ್ತಿದ್ದರು. ನೀರಿಗೆ ಬಿದ್ದರೆ ತುಕ್ಕು ಹಿಡಿಯುತ್ತದೆ ಎಂಬ ಸರಳ ಕಾರಣವನ್ನು ಅವರು ಸರಳವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಪೂರ್ತಿ ಹೆಸರು ಬಿಂದುಮಾಧವಾಚಾರ್ಯ. ಪಂಚಗಂಗಾ ಘಾಟಿನ ದೇವರ ಹೆಸರು. ಅವರ ಅಜ್ಜ ಧಾರವಾಡದ ಕಡೆಯಿಂದ ಕಾಶಿಗೆ ಬಂದು ಇಲ್ಲೇ ನಿಂತವರು. ಮಾಮಾ ಹುಟ್ಟಿದ್ದು ನಾವಿದ್ದ ಕೇರಿ ಶಿವಾಲದಲ್ಲೇ. ತರಕಾರಿಯವನ ಹತ್ತಿರ, ರಿಕ್ಷಾದವನ ಹತ್ತಿರ ಅಪ್ಪಟ ಬನಾರಸಿ ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ಧಾರವಾಡದ ಕನ್ನಡ. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಎದುರಿಗೇ ಕನ್ನಡ ಯಾತ್ರಿಕರಿಗೆಂದು ಕಟ್ಟಿಸಿದ ಒಂದು ಛತ್ರವಿತ್ತು. ಅದರ ಟ್ರಸ್ಟಿನವರೆಲ್ಲ ಊರ ಕಡೆ ಇದ್ದರು. ಇಲ್ಲಿ ಮ್ಯಾನೇಜರು, ಗುಮಾಸ್ತ, ಕಾವಲುಗಾರ ಎಲ್ಲವೂ ಮಾಮಾ ಒಬ್ಬರೇ. ದೊಡ್ಡ ಬಾಗಿಲ ಪಕ್ಕದ ಕೋಣೆಯೇ ಅವರ ಮನೆ. ನನ್ನ ಅಪ್ಪ ಪುರೋಹಿತರು. ಮಾಮಾ ಸ್ಟೇಷನ್ನಿನಿಂದ ಕರೆತಂದ ಯಾತ್ರಿಕರಿಗೆ ಅಪ್ಪ ತೀರ್ಥಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಿದ್ದರು.

ಕಂಟೋನ್ಮೆಂಟ್ ಸ್ಟೇಷನ್ನಿಗೆ ದಕ್ಷಿಣದ ಗಾಡಿಗಳು ಹೊತ್ತಿಗೆ ಸರಿಯಾಗಿ ಬಂದದ್ದೇ ಅಪರೂಪ. ಮಾಮಾ ಕನ್ನಡದಲ್ಲಿ ಬರೆದ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪಂಚಾಂಗ ಬಿಡಿಸಿ ಕೂರುತ್ತಿದ್ದರು. ಕಂಡವರು ಆಚಾರ್ಯರು ತಿಥಿ ನಕ್ಷತ್ರ ನೋಡುತ್ತಿದ್ದಾರೆಂದು ತಿಳಿದು ಕೈ ಮುಗಿದು ಹೋಗುತ್ತಿದ್ದರು. ಪಂಚಾಂಗದ ಒಳಗೆ ಇರುತ್ತಿದ್ದದ್ದು ಸೋನಾರ್‌ಪುರಾದ ಅಂಗಡಿಯಿಂದ ಬಾಡಿಗೆಗೆ ತಂದ ಹಿಂದಿ ಕಾಮಿಕ್ಸು. ಒಮ್ಮೆ ಬಾಗಲಕೋಟೆ ಕಡೆಯ ಹಿರಿಯರೊಬ್ಬರು ರೈಲಿನಿಂದ ಇಳಿದವರೇ ಹತ್ತಿರ ಬಂದು, “ಇವತ್ತು ರಾಹುಕಾಲ ಎಷ್ಟಕ್ಕರಿ?” ಎಂದು ಕೇಳಿದರಂತೆ. ಮಾಮಾ ತಲೆ ಎತ್ತದೆ, “ತಡೀರಿ, ಈಗ ಕಳ್ಳ ಸಿಗ್ತಾನ,” ಅಂದರಂತೆ. ಆ ಹಿರಿಯರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು ಎಂದು ಮಾಮಾ ತಾವೇ ಹೇಳಿ ನಗುತ್ತಿದ್ದರು.

ಎರಡು ಸಾವಿರದ ಆಚೀಚೆಯ ವರ್ಷಗಳು ಅವು. ಶಿವಾಲದ ಕನ್ನಡ ಮನೆಗಳ ಮಕ್ಕಳೆಲ್ಲ ಹಿಂದಿಗೆ ಹೊರಳಿಬಿಟ್ಟಿದ್ದೆವು. ಅಮ್ಮ ಕನ್ನಡದಲ್ಲಿ ಕೇಳಿದರೆ ನಾವು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆವು. ಹಿರಿಯರು ಬೈದರು, ಒಬ್ಬರು ಭಾನುವಾರ ಪಾಠ ಶುರುಮಾಡಿದರು, ನಾವು ಯಾರೂ ಹೋಗಲಿಲ್ಲ. ಮಾಮಾ ಬೈಯಲೂ ಇಲ್ಲ, ಪಾಠ ಮಾಡಲೂ ಇಲ್ಲ. ಸಂಜೆ ಛತ್ರದ ಅಂಗಳದಲ್ಲಿ ಕಾಮಿಕ್ಸು ಹಿಡಿದು ಕೂತು, ಹಿಂದಿಯಲ್ಲಿ ಅಚ್ಚಾದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನಾಯಕ ಧಾರವಾಡದ ಕನ್ನಡ ಮಾತಾಡುತ್ತಿದ್ದ. ಕಳ್ಳರು, ಪೊಲೀಸರು, ಸೇಠುಗಳು ಮಾತ್ರ ಹಿಂದಿಯಲ್ಲೇ ಇರುತ್ತಿದ್ದರು. ಪೊಲೀಸಿನವನು “ರುಕ್ ಜಾವೋ” ಎಂದು ಕೂಗಿದರೆ ನಾಯಕ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ, “ಏ ಹುಚ್ಚಪ್ಯಾಲಿ, ನಿಂದ್ರಲಿಕ್ಕೆ ನನಗೇನು ಕಾಲು ನೋಯ್ತಾವೇನು?” ಅನ್ನುತ್ತಿದ್ದ. ನಾವು ಕನ್ನಡ ಕಲಿತದ್ದು ಹೀಗೆ. ಶಾಲೆಯಲ್ಲಿ ನಾನು ಹುಡುಗನೊಬ್ಬನಿಗೆ ಹುಚ್ಚಪ್ಯಾಲಿ ಎಂದಾಗ ಅವನು ಅದು ಸಂಸ್ಕೃತವೆಂದು ಭಾವಿಸಿ ಸುಮ್ಮನಾಗಿದ್ದ.

ಆ ನಾಯಕನ ಹೆಸರು ನೀಲಾ ನಕಾಬ್. ನೀಲಿ ಮುಖವಾಡದ ಪತ್ತೇದಾರ. ಅವನ ಎದುರಿಗೆ ಯಾರಾದರೂ ಸುಳ್ಳು ಹೇಳಿದರೆ ಮುಖವಾಡ ಬಿಸಿಯಾಗುತ್ತಿತ್ತು. ಅದೇ ಅವನ ಶಕ್ತಿ. ಗಲ್ಲಿಯಲ್ಲಿ ಯಾರು ಸುಳ್ಳು ಹೇಳಿದರೂ ಮಾಮಾ ಕೆನ್ನೆ ಮುಟ್ಟಿಕೊಂಡು, “ಬಿಸಿ ಆತು, ಬಿಸಿ ಆತು,” ಅನ್ನುತ್ತಿದ್ದರು. ಹಾಲಿನವನಿಗೂ ಇದು ಗೊತ್ತಿತ್ತು. ಮಾಮಾ ಕೆನ್ನೆಗೆ ಕೈ ಒಯ್ದರೆ ಸಾಕು, ಇನ್ನೊಂದು ಸೌಟು ಹಾಲು ಹಾಕಿಬಿಡುತ್ತಿದ್ದ.

ಆ ಸರಣಿಯಲ್ಲಿ ಮಾಮಾನಿಗೆ ಜೀವವಾಗಿದ್ದದ್ದು ಒಂದು ಪುಸ್ತಕ. ರಾಜಮನೆತನದ ಹಾರ ಕಳುವಾಗುತ್ತದೆ, ಅಲ್ಲಿ ನೀಲಿ ಬಟ್ಟೆಯ ಚೂರು ಸಿಗುತ್ತದೆ, ಊರಿಗೆ ಊರೇ ನೀಲಾ ನಕಾಬ್ ಕಳ್ಳನೆಂದು ತೀರ್ಮಾನಿಸುತ್ತದೆ. ನಿನ್ನೆ ಹೂವಿನ ಹಾರ ಹಾಕಿದವರೇ ಇವತ್ತು ಕಲ್ಲೆಸೆಯುತ್ತಾರೆ. ಅವನು ಒಬ್ಬನೇ ಅಲೆದು, ನಿಜವಾದ ಕಳ್ಳನನ್ನು ಹಿಡಿದು, ಚೌಕದ ನಡುವೆ ತಂದು ನಿಲ್ಲಿಸುತ್ತಾನೆ. ಕೊನೆಯ ಪುಟದಲ್ಲಿ ಇಡೀ ಊರು ಚಪ್ಪಾಳೆ ತಟ್ಟುತ್ತದೆ. ಅಲ್ಲಿಗೆ ಪುಸ್ತಕ ಮುಗಿಯಿತು. ಮಾಮಾನಿಗೆ ಮುಗಿಯುತ್ತಿರಲಿಲ್ಲ.

“ಚಪ್ಪಾಳಿ ಹೊಡದ್ರ ಆಗಿಹೋತೇನು?” ಎಂದು ಅವರು ನಮ್ಮ ಮೇಲೇ ರೇಗುತ್ತಿದ್ದರು, ಆ ಪುಸ್ತಕ ನಾವೇ ಬರೆದವರ ಹಾಗೆ. “ಕಲ್ಲು ಒಗದವ್ರು ಎಲ್ಲಿ? ಅದರಾಗ ಒಬ್ಬಾವರೆ ಬಂದು ತಪ್ಪಾತು ಅಂದನೇನು?”

ಆಮೇಲೆ, ಇಲ್ಲದ ಇನ್ನೊಂದು ಪುಟವನ್ನು ಮಗುಚಿದಂತೆ ಮಾಡಿ ಓದುತ್ತಿದ್ದರು. ಪೊಲೀಸಿನ ದೊಡ್ಡ ಸಾಹೇಬ ನೀಲಾ ನಕಾಬನ ಮನೆಗೆ ನಡೆದುಕೊಂಡು ಬರುತ್ತಾನೆ. ಟೊಪ್ಪಿಗೆ ತೆಗೆಯುತ್ತಾನೆ. ಪುಸ್ತಕದುದ್ದಕ್ಕೂ ಹಿಂದಿ ಮಾತಾಡಿದವನು ಆ ಒಂದು ಪುಟದಲ್ಲಿ ಮಾತ್ರ ಕನ್ನಡದಲ್ಲಿ, “ತಪ್ಪಾತಪಾ,” ಅನ್ನುತ್ತಾನೆ. ನಾಯಕ “ಇರ್ಲಿ ಬಿಡ್ರಿ, ಚಾ ಕುಡೀರಿ,” ಅನ್ನುತ್ತಾನೆ. ನಮಗೆಲ್ಲ ಹಿಂದಿ ಓದಲು ಬರುತ್ತಿತ್ತು, ಆ ಪುಟ ಪುಸ್ತಕದಲ್ಲಿ ಇಲ್ಲವೆಂದೂ ಗೊತ್ತಿತ್ತು. ಆದರೂ ಅದನ್ನು ಕೇಳದೆ ನಾವು ಯಾರೂ ಏಳುತ್ತಿರಲಿಲ್ಲ.

ಯಾತ್ರಿಕರ ಬಗ್ಗೆ ಮಾಮಾನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೇನಾದರೂ ಬಿಟ್ಟು ಹೋಗಬೇಕು. ಒಂದು ಹಣ್ಣೋ ಒಂದು ತರಕಾರಿಯೋ, ಮತ್ತೆ ಜೀವಮಾನವಿಡೀ ಅದನ್ನು ತಿನ್ನಬಾರದು. “ಎಲ್ಲಾರೂ ಹಾಗಲಕಾಯಿ ಬಿಡ್ತಾರ,” ಎಂದು ಮಾಮಾ ಗೊಣಗುತ್ತಿದ್ದರು. “ಮಾವಿನಹಣ್ಣು ಬಿಟ್ಟಾವನ್ನ ನಾ ಇನ್ನೂ ನೋಡಿಲ್ಲ. ಸಿಟ್ಟು ಬಿಡ್ರಿ ಅಂದ್ರ ನನ್ನ ಮ್ಯಾಲೇ ಸಿಟ್ಟಿಗೇಳ್ತಾರ.” ಹೀಗೆ ಹೇಳಿ, ಅದೇ ಯಾತ್ರಿಕರಿಗೆ ಸ್ನಾನಕ್ಕೆ ಬಿಸಿನೀರು ಕಾಯಿಸಲು ಓಡುತ್ತಿದ್ದರು.

ಇನ್ನು ಮುಂದಿನದನ್ನು ತಣ್ಣಗೆ ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಬಿ.ಎ. ಓದುತ್ತಿದ್ದ ಕಾಲ. ಹುಬ್ಬಳ್ಳಿಯಿಂದ ನಿವೃತ್ತ ಇಂಜಿನಿಯರ್ ಒಬ್ಬರು ಹೆಂಡತಿ, ತಾಯಿಯ ಜೊತೆ ಬಂದು ಛತ್ರದಲ್ಲಿ ಇಳಿದರು. ಟ್ರಸ್ಟಿನ ಕಾರ್ಯದರ್ಶಿಗೆ ಹತ್ತಿರದ ನೆಂಟರು, ಹಾಗಾಗಿ ಬಂದ ಕೂಡಲೇ ಎಲ್ಲರೂ ಅವರಿಗೆ ಸಾಹೇಬರು ಎನ್ನತೊಡಗಿದರು. ತಾಯಿ ತುಂಬ ವಯಸ್ಸಾದ ವಿಧವೆ, ಕೈಯಲ್ಲಿ ಸದಾ ಜಪಮಾಲೆ. ಆಕೆ ತಮ್ಮ ಮದುವೆಯ ಕಾಲದ ಮುತ್ತಿನ ನತ್ತನ್ನು ಒಂದು ಸಣ್ಣ ಬೆಳ್ಳಿ ಡಬ್ಬಿಯಲ್ಲಿ ಇಟ್ಟುಕೊಂಡು ತಂದಿದ್ದರು. ಆ ನತ್ತು ತನಗೆ ಬರಬೇಕಾದದ್ದೆಂದು ಸೊಸೆ ಬಂದ ದಿನವೇ ನನ್ನ ಅಮ್ಮನ ಹತ್ತಿರ ಹೇಳಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಪಂಚಗಂಗೆಗೆ ಹೊರಟರು. ಮೀನಿಗೆ ಹಾಕಲು ಕಣಕದ ಉಂಡೆ ಬೇಕೆಂದು ಅಜ್ಜಿ ಕೇಳಿದ್ದರಿಂದ ಮಾಮಾನೇ ಹಿಟ್ಟು ನಾದಿಕೊಂಡು ಹೋದರು. ವಾಪಸು ಬಂದ ಮೇಲೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತ ನನಗೆ ಹೇಳಿದರು: “ಆ ಅಜ್ಜಿ ಕಟ್ಟಿದ ಉಂಡಿ ನೋಡಬೇಕಿತ್ತು ಸುಧೀ, ಲಿಂಬಿಹಣ್ಣಿಗಿಂತ ದೊಡ್ಡದು. ಇಷ್ಟು ದೊಡ್ಡದು ಯಾವ ಮೀನ ನುಂಗ್ತದ್ರಿ ಅಜ್ಜೀ, ಅಂದೆ. ದೋಣಿ ತುಂಬ ನಕ್ರು. ಅಜ್ಜಿ ಒಬ್ಬಾಕಿ ನಗಲಿಲ್ಲ.”

ಮಧ್ಯಾಹ್ನ ಅವರೆಲ್ಲ ಕೋಣೆಗೆ ಬೀಗ ಹಾಕಿ ವಿಶ್ವನಾಥನ ದರ್ಶನಕ್ಕೆ ಹೋದರು. ಸಂಜೆ ಸೊಸೆ ಡಬ್ಬಿ ತೆಗೆದು ನೋಡಿದರೆ ನತ್ತು ಇಲ್ಲ. ಕೋಣೆಯ ಇನ್ನೊಂದು ಬೀಗದ ಕೈ ಯಾರ ಜನಿವಾರದಲ್ಲಿ ನೇತಾಡುತ್ತಿದೆ ಎಂಬುದನ್ನು ಇಡೀ ಛತ್ರ ನೋಡಿತ್ತು. ಅಷ್ಟು ಸಾಕಾಯಿತು.

ಸಾಹೇಬರು ಮಾಮಾನ ಟ್ರಂಕನ್ನು ಅಂಗಳಕ್ಕೆ ಎಳೆಸಿ, ತಲೆಕೆಳಗು ಮಾಡಿಸಿದರು. ಬಿದ್ದದ್ದು ನಾಲ್ಕು ಧೋತರ, ಒಂದು ಶಾಲು, ಹಳೆಯ ಪಂಚಾಂಗಗಳು, ಮತ್ತೆ ಬಾಡಿಗೆ ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡಿಟ್ಟುಕೊಂಡಿದ್ದ ನೀಲಾ ನಕಾಬನ ಪುಸ್ತಕಗಳು. ಸಾಹೇಬರು ಹಾರ ಕಳುವಾಗುವ ಆ ಪುಸ್ತಕವನ್ನೇ ಎತ್ತಿ ಹಿಡಿದರು. “ನೋಡ್ರಿ, ಇಂಥಾವು ಓದ್ತಾರ. ಕಳವು ಮಾಡೋದು ಕಲೀದ ಮತ್ತೇನು ಕಲೀತಾರ?” ಅಂದರು. ದೊಡ್ಡ ದೊಡ್ಡ ಸೇತುವೆ ಕಟ್ಟಿಸಿದ ಮನುಷ್ಯ. ಮಕ್ಕಳ ಚಿತ್ರಪುಸ್ತಕವನ್ನು ಸಾಕ್ಷಿ ಎಂದು ಹಿಡಿದು ನಿಂತಿದ್ದರು, ಸುತ್ತ ನಿಂತವರು ಹೌದೆಂದು ತಲೆದೂಗಿದರು. ಅವರಲ್ಲಿ ಹೆಚ್ಚಿನವರು ಆ ಬೆಳಿಗ್ಗೆ ಮಾಮಾ ಕಾಯಿಸಿದ ನೀರಿನಲ್ಲೇ ಸ್ನಾನ ಮಾಡಿದ್ದರು.

ಮಾಮಾ ಅಜ್ಜಿಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು. “ಅಜ್ಜೀ, ನೀವರೆ ನೆನಪು ಮಾಡಿಕೊಂಡು ಹೇಳ್ರಿ. ಎಲ್ಲೆರೆ ಇಟ್ಟೀರೇನು?” ಎಂದು ಕೇಳಿದರು. ಅಜ್ಜಿ ಕಣ್ಣು ಮುಚ್ಚಿ ಜಪಮಾಲೆ ತಿರುವುತ್ತ ಕೂತಿದ್ದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹಾಲಿನವನ ಅರ್ಧ ಸೌಟು ನೀರನ್ನು ಹಿಡಿಯುತ್ತಿದ್ದ ಮಾಮಾನಿಗೆ ಅವತ್ತು ಏನೂ ಹೊಳೆಯಲಿಲ್ಲ. ಅಜ್ಜಿ ಸುಳ್ಳು ಹೇಳಿದ್ದರೆ ತಾನೆ ಕೆನ್ನೆ ಬಿಸಿಯಾಗುವುದು. ಆಕೆ ಬರೀ ಸುಮ್ಮನಿದ್ದರು.

ಪೊಲೀಸು ಚೌಕಿಗೂ ಹೋದದ್ದಾಯಿತು. ಅಪ್ಪನ ಜೊತೆ ನಾನೂ ಹೋಗಿದ್ದೆ. ಅಲ್ಲಿನ ದರೋಗಾ ಎರಡೂ ಕಡೆಯ ಮಾತು ಕೇಳಿ, ಪುರಾವೆ ಏನೂ ಇಲ್ಲವೆಂದು ಕಂಡು ಆಕಳಿಸಿದ. “ಆಚಾರ್ಯ್ ಜೀ, ದೋನೋ ಪಾರ್ಟೀ ರಾಜೀನಾಮಾ ಲಿಖ್ ದೀಜಿಯೇ. ಬಾತ್ ಖತಮ್,” ಅಂದ. ಬನಾರಸಿನ ಚೌಕಿ ಕಚೇರಿಗಳಲ್ಲಿ ರಾಜೀನಾಮಾ ಅಂದರೆ ರಾಜಿ. ನಮ್ಮಿಬ್ಬರಲ್ಲಿ ಇನ್ನು ತಕರಾರಿಲ್ಲ ಎಂದು ಎರಡೂ ಪಕ್ಷದವರು ಒಪ್ಪಿ ಬರೆದುಕೊಡುವುದು. ಇಲ್ಲೇ ಹುಟ್ಟಿದ ಮಾಮಾನಿಗೆ ಇದು ನೀರು ಕುಡಿದಷ್ಟು ಸಲೀಸು. ಸಾಹೇಬರಿಗೂ ಅಪ್ಪ ಬಿಡಿಸಿ ಹೇಳಿದರು. ಇಬ್ಬರೂ ಸಹಿ ಮಾಡಿದರು. ಮಾಮಾ ಹೊರಗೆ ಬಂದು, “ಹೋಗ್ಲಿ ಬಿಡು, ತೀರ್ಥಕ್ಕ ಬಂದವ್ರು,” ಎಂದು ನನಗೇ ಸಮಾಧಾನ ಹೇಳಿ, ಅವರಿಗೆ ಆಟೋ ಕರೆದುಕೊಟ್ಟರು.

ಸಾಹೇಬರು ಊರಿಗೆ ಹೋಗಿ ಕಾರ್ಯದರ್ಶಿಗೆ ಹೇಳಿದ್ದು ಒಂದೇ ಮಾತು. ನಿಮ್ಮ ಆಚಾರ್ಯ ಪೊಲೀಸರ ಎದುರಿಗೆ ರಾಜೀನಾಮೆ ಬರೆದುಕೊಟ್ಟ.

ನಮ್ಮೂರ ಕಡೆ ರಾಜೀನಾಮೆ ಅಂದರೇನೆಂದು ನಾನು ಹೇಳಬೇಕಾಗಿಲ್ಲ. ಕದ್ದವನು ಸಿಕ್ಕಿಬಿದ್ದು ಕೆಲಸ ಬಿಟ್ಟ ಎಂದು ಎಲ್ಲರಿಗೂ ತಾನಾಗಿ ಅರ್ಥವಾಯಿತು. ಕೆಲವೇ ದಿನಗಳಲ್ಲಿ ಕಾರ್ಯದರ್ಶಿಗಳು ಖುದ್ದಾಗಿ ಬಂದರು. ಮಾಮಾನೇ ಫಲಕ ಹಿಡಿದು ಸ್ಟೇಷನ್ನಿಗೆ ಹೋಗಿ ಅವರ ಚೀಲ ಹೊತ್ತು ತಂದರು. ಛತ್ರದ ಆಫೀಸಿನಲ್ಲಿ ಚಹಾ ಕುಡಿದು ಮುಗಿಸಿ ಕಾರ್ಯದರ್ಶಿಗಳು, “ನಿಮ್ಮ ರಾಜೀನಾಮೆ ಮಂಜೂರಾಗೇದ್ರಿ ಆಚಾರ್ರ. ಕೀಲಿಕೈ ಕೊಟ್ಟುಬಿಡ್ರಿ,” ಅಂದರು. ಮಾಮಾ ಚೇಷ್ಟೆಯೆಂದು ತಿಳಿದು ಜೋರಾಗಿ ನಕ್ಕರು. ಆ ನಗು ಎದುರಿನ ನಮ್ಮ ಮನೆಗೂ ಕೇಳಿಸಿತು. ಆಮೇಲೆ ಅವರ ದನಿ ಏರಿದ್ದು ಕೇಳಿ ಅಪ್ಪ, ನಾನು ಓಡಿದೆವು.

ಅಪ್ಪ ಶಬ್ದದ ಅರ್ಥ ಹೇಳಿದರು. ನಾನೂ ಹೇಳಿದೆ. ಆ ಕಾಗದದ ಮೇಲೆ ಇಂಜಿನಿಯರ್ ಸಾಹೇಬರ ಸಹಿಯೂ ಇದೆಯಲ್ಲ, ಅವರು ಯಾವ ಕೆಲಸಕ್ಕೆ ರಾಜೀನಾಮೆ ಕೊಟ್ಟರು ಎಂದು ಕೇಳಿದೆ. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರು. “ಹಿಂದ್ಯಾಗ ಏನರೆ ಇರ್ಲಿವಾ. ನಮ್ಮ ಟ್ರಸ್ಟಿನ ಕಾರಭಾರ ಕನ್ನಡದಾಗ ನಡೀತದ,” ಅಂದರು. ಕನ್ನಡಾಭಿಮಾನವನ್ನು ಇಷ್ಟು ನೀಚತನಕ್ಕೆ ಬಳಸಿದ್ದನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಅವರಿಗೆ ಅರ್ಥವಾಗಿರಲಿಲ್ಲ ಎಂದೇನೂ ಅಲ್ಲ. ಅವರ ಸೋದರಳಿಯ ಕೆಲಸವಿಲ್ಲದೆ ಕೂತಿದ್ದ, ಮುಂದಿನ ವಾರವೇ ಮಾಮಾನ ಕೋಣೆಗೆ ಬಂದು ಹಾಸಿಗೆ ಬಿಡಿಸಿದ.

ಬೀಗದ ಕೈ ಕೊಡುವುದು ಕೂಡ ಸುಲಭವಾಗಲಿಲ್ಲ. ಉಪಾಕರ್ಮದ ದಿನ ಹೊಸ ಜನಿವಾರಕ್ಕೆ ಕಟ್ಟಿದ ಗಂಟು ನೆನೆದು ನೆನೆದು ಕಲ್ಲಾಗಿತ್ತು. ಮಾಮಾ ಉಗುರಿನಿಂದ ಬಿಡಿಸಲು ನೋಡಿದರು, ಆಗಲಿಲ್ಲ. ಕಾರ್ಯದರ್ಶಿಗಳು, “ಒಂದು ಕತ್ತರಿ ತರ್ರಿ ಯಾರರೆ,” ಅಂದರು. ಅಪ್ಪ ಆಗ ಮೊದಲ ಸಲ ಸಿಟ್ಟಿನಿಂದ ಅವರ ಮುಖ ನೋಡಿದರು. ಮನೆಗೆ ಬಂದು ಹೊಸ ಜನಿವಾರ ತೆಗೆದುಕೊಂಡು ಹೋದರು. ಮಾಮಾ ಆಚಮನ ಮಾಡಿ, ಮಂತ್ರ ಹೇಳಿ ಹೊಸದನ್ನು ಹಾಕಿಕೊಂಡು, ಹಳೆಯದನ್ನು ಬೀಗದ ಕೈಗಳ ಸಮೇತ ಕಳಚಿ ಮೇಜಿನ ಮೇಲಿಟ್ಟರು. ಇನ್ನೊಬ್ಬರು ಹಾಕಿ ತೆಗೆದ ಜನಿವಾರ ಮುಟ್ಟಲು ಹೇಸಿ ಕಾರ್ಯದರ್ಶಿಗಳು ಅದನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಹಿಡಿದು ಎತ್ತಿಕೊಂಡರು.

ಮಾಮಾ ಟ್ರಂಕು ಹೊತ್ತು ಕಂಟೋನ್ಮೆಂಟಿಗೆ ಹೋದರು. ಅಲ್ಲಿನ ಒಂದು ಹೋಟೆಲಿನವನು ದಕ್ಷಿಣದ ಗಿರಾಕಿಗಳನ್ನು ಸ್ಟೇಷನ್ನಿನಿಂದ ಕರೆತರಲು ಇಟ್ಟುಕೊಂಡ. ನಮ್ಮ ಮನೆಗೆ ಬಾ ಎಂದು ಅಪ್ಪ ಎಷ್ಟು ಕರೆದರೂ ಬರಲಿಲ್ಲ. “ಶಿವಾಲದಾಗ ಕಾಲಿಟ್ರ ಮಂದಿ ಕಿಸೆ ಮುಟ್ಟಿ ನೋಡಿಕೋತಾರ,” ಎಂದು ಹೇಳಿ ಕಳಿಸಿದರು. ಹಿಂದೆ ನಗುತ್ತ ಹೇಳುತ್ತಿದ್ದ ಮಾತು, ಈಗ ಅದರಲ್ಲಿ ನಗು ಇರಲಿಲ್ಲ. ಕೇದಾರ ಘಾಟಿಗೂ ಅವರು ಬರುವುದನ್ನು ಬಿಟ್ಟರು.

ಮತ್ತೆ ಎರಡು ಮೂರು ವರ್ಷ ಕಳೆದಿರಬೇಕು. ಇಂಜಿನಿಯರ್ ಸಾಹೇಬರು ತಾಯಿಯ ಅಸ್ಥಿ ಹಿಡಿದು ಬಂದರು. ನಮ್ಮ ಪಡಸಾಲೆಯಲ್ಲಿ ಕೂತು ಅಪ್ಪನೊಡನೆ ವಿಧಿಗಳ ಮಾತಾಡುತ್ತ, ಕಣ್ಣೊರೆಸಿಕೊಂಡು ಹೇಳಿದರು.

“ನಮ್ಮವ್ವ ಎಂಥಾ ಪುಣ್ಯವಂತಿ ನೋಡ್ರಿ. ಆ ನತ್ತು ನೆನಪದ ಏನು? ಗಂಗವ್ವಗ ಗುಪ್ತದಾನ ಮಾಡಿದ್ಲಂತ. ಕಣಕದ ಉಂಡ್ಯಾಗ ಇಟ್ಟು ನೀರಾಗ ಬಿಟ್ಲಂತ. ಯಾರಿಗರೆ ಹೇಳಿದ್ರ ದಾನದ ಫಲ ಹೋಗ್ತದಲ್ಲ, ಅದಕ್ಕ ಬಾಯಿ ಬಿಡಲಿಲ್ಲ. ಸಾಯೋ ಮುಂದ ಹೇಳಿದ್ರ ದೋಷ ಇಲ್ಲ ಅಂತ ನಮ್ಮ ಶಾಸ್ತ್ರಿಗಳನ್ನ ಕೇಳಿ, ಆಮ್ಯಾಲೆ ಹೇಳಿದ್ಲು.”

ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಹೇಳಿದರೆ ಪುಣ್ಯ ಹೋಗುತ್ತದೆಯೇ ಎಂದು ಆಕೆ ಶಾಸ್ತ್ರಿಗಳನ್ನು ಕೇಳಿದ್ದಳು. ಹೇಳದಿದ್ದರೆ ಒಬ್ಬ ಮನುಷ್ಯನ ಅನ್ನ, ಮನೆ, ಹೆಸರು ಹೋಗುತ್ತದೆಯೇ ಎಂದು ಯಾರನ್ನೂ ಕೇಳಲಿಲ್ಲ. ಕಣ್ಣೆದುರಿಗೇ ಮಾಮಾನ ಟ್ರಂಕು ಬುಡಮೇಲಾಗುವುದನ್ನು ನೋಡುತ್ತ ಮಣಿ ಎಣಿಸಿದಳು. ಇಷ್ಟು ಹೊತ್ತೂ ಆಕೆಗೆ ಬಹುವಚನ ಹಚ್ಚಿ ಬರೆದೆ, ಇನ್ನು ಆಗುವುದಿಲ್ಲ. ಗಂಗೆಗೆ ಆ ನತ್ತು ಬೇಕಾಗಿತ್ತು ಎಂದು ನಾನು ನಂಬುವುದಿಲ್ಲ.

ಹೊರಗೆ ಬಂದು, “ಹಾಗಾದರೆ ಬಿಂದು ಮಾಮಾ?” ಎಂದು ಕೇಳಿದೆ.

ಸಾಹೇಬರು ಸ್ವಲ್ಪ ಯೋಚಿಸಿದರು. “ಯಾರು? ಆ ಮ್ಯಾನೇಜರ್ರೇನು? ಅವರು ರಾಜೀನಾಮೆ ಕೊಟ್ಟು ಹೋದ್ರಲ್ಲವಾ, ಪಾಪ.”

“ಇಲ್ಲೇ ಕಂಟೋನ್ಮೆಂಟಿನಲ್ಲಿ ಇದ್ದಾರೆ. ನಾನು ಆಟೋ ತರ್ತೀನಿ, ಬನ್ನಿ. ತಪ್ಪಾಯಿತು ಅಂತ ಒಂದು ಮಾತು ಹೇಳಿ.”

“ಇವತ್ತ ಸಂಜೀಕೆ ಗಯಾಕ್ಕ ಹೋಗೋದದ. ವ್ಯಾಳ್ಯಾ ಎಲ್ಲದವಾ,” ಅಂದರು. ಗಯಾಕ್ಕೆ ಹೋಗುವ ಗಾಡಿ ಹೊರಡುವುದೂ ಅದೇ ಕಂಟೋನ್ಮೆಂಟಿನಿಂದ. ಅದನ್ನೂ ಹೇಳಿದೆ. ಅಪ್ಪ, “ಸುಧಾ, ಒಳಗ ನಡಿ. ಶ್ರಾದ್ಧದ ಮನ್ಯಾಗ ಜಗಳ ಬ್ಯಾಡ,” ಅಂದರು. ತಾವು ದರ್ಭೆ ಜೋಡಿಸತೊಡಗಿದರು. ಅವತ್ತು ಅಪ್ಪನ ಮೇಲೆ ಬಂದ ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಲಾರೆ.

ನಾನೇ ಕಂಟೋನ್ಮೆಂಟಿಗೆ ಹೋದೆ. ಮಾಮಾ ಅದೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು. ಹೋಟೆಲಿನವರು ಕೊಟ್ಟ ಪ್ಯಾಂಟು, ಅಂಗಿ, ತಲೆಗೆ ಕೆಂಪು ಟೊಪ್ಪಿಗೆ. ಕೈಯಲ್ಲಿ ಇಂಗ್ಲಿಷಿನ ಫಲಕ. ಪಂಚಾಂಗ ಇರಲಿಲ್ಲ, ಕಾಮಿಕ್ಸೂ ಇರಲಿಲ್ಲ. ಮಾತಾಡುವಾಗ ಆಗಾಗ ಕೈ ಎದೆಯ ಹತ್ತಿರ ಹೋಗಿ, ಅಂಗಿಯ ಮೇಲೆ ಏನನ್ನೋ ತಡವಿ ಸುಮ್ಮನೆ ಇಳಿಯುತ್ತಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಪ್ತದಾನ, ಉಂಡೆ, ಶಾಸ್ತ್ರಿಗಳು.

“ದೊಡ್ಡ ಉಂಡಿ,” ಅಂದರು ಮಾಮಾ. “ಕಣಕ ನಾದಿಕೊಟ್ಟಾಂವ ನಾನ. ಉಂಡಿ ದೊಡ್ಡದಾತು ಅಂದಾಂವನೂ ನಾನ. ಎಂಥಾ ಪತ್ತೇದಾರ ನೋಡು ನಿಮ್ಮ ಮಾಮಾ.” ತುಸು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

“ಮತ್ತ, ತಪ್ಪಾತು ಅಂದ್ರೇನು?”

ಹೌದೆಂದು ಸುಳ್ಳು ಹೇಳಬಹುದಿತ್ತು. ಆದರೆ ಅವರ ಎದುರಿಗೆ ಸುಳ್ಳು ಹೇಳಿ ಗೊತ್ತಿರದ ಮಕ್ಕಳು ನಾವು. “ಇಲ್ಲ ಮಾಮಾ. ಗಾಡಿಗೆ ಹೊತ್ತಾಗ್ತದೆ ಅಂದರು,” ಎಂದೆ.

“ಹಂಗಾರ ಪುಸ್ತಕ ಇನ್ನೂ ಮುಗದಿಲ್ಲ ತಗೋ,” ಎಂದು ಮಾಮಾ ಎದ್ದರು. ದಕ್ಷಿಣದ ಗಾಡಿ ಬರುತ್ತಿದೆಯೆಂದು ಧ್ವನಿವರ್ಧಕದಲ್ಲಿ ಹೇಳುತ್ತಿದ್ದರು. ಟೊಪ್ಪಿಗೆ ಸರಿ ಮಾಡಿಕೊಂಡು, ಫಲಕ ಎತ್ತಿ ಹಿಡಿದು ಗುಂಪಿನೊಳಗೆ ಹೋದರು. ಹಿಂದೆ ಸ್ನಾನದ ಹೊತ್ತಿಗೆ ಕಾಣುತ್ತಿದ್ದಂತೆ, ಜನರ ತಲೆಗಳ ಮೇಲೆ ಆ ಕೈ ಮಾತ್ರ ಸ್ವಲ್ಪ ದೂರದವರೆಗೆ ಕಾಣಿಸಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆ ಚಳಿಗಾಲ ಮಾಮಾ ಹೋಟೆಲಿನ ಕೋಣೆಯಲ್ಲೇ ತೀರಿಕೊಂಡರು. ಹರಿಶ್ಚಂದ್ರ ಘಾಟಿನಲ್ಲಿ ಅಪ್ಪನೇ ಕ್ರಿಯೆ ಮಾಡಿದರು. ಹದಿಮೂರನೆಯ ದಿನ ಛತ್ರದಲ್ಲಿ ಟ್ರಸ್ಟಿನವರು ಊಟ ಹಾಕಿಸಿ, ಅದಕ್ಕೂ ಮೊದಲು ಒಂದು ಸಭೆ ನಡೆಸಿದರು. ನತ್ತಿನ ಕಥೆ ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಬದುಕಿದ್ದಾಗ ಯಾರೂ ಕಂಟೋನ್ಮೆಂಟಿನ ತನಕ ಹೋಗಿರಲಿಲ್ಲ. ಕಾರ್ಯದರ್ಶಿಗಳು ಎದ್ದು ನಿಂತು, ಬಿಂದುಮಾಧವಾಚಾರ್ಯರು ಎಂಥ ನಿಸ್ವಾರ್ಥಿಗಳು, ರಾಜೀನಾಮೆ ಕೊಡುವ ತನಕ ಎಂಥ ಸೇವೆ ಮಾಡಿದರು ಎಂದು ಹೇಳಿದರು. ನಾನು ಎಲ್ಲರಿಗೂ ಕಾಣುವ ಹಾಗೆ ಕೆನ್ನೆ ಮುಟ್ಟಿಕೊಂಡೆ. ನನ್ನ ಜೊತೆ ಬೆಳೆದ ಇಬ್ಬರು ಮೂವರು ಅದನ್ನು ಕಂಡು ತಲೆ ತಗ್ಗಿಸಿದರು. ದೊಡ್ಡ ಬಾಗಿಲ ಪಕ್ಕದ ಕೋಣೆಗೆ, ಯಾವುದರಿಂದ ಅವರನ್ನು ಹೊರಗೆ ಹಾಕಿದ್ದರೋ ಅದೇ ಕೋಣೆಗೆ, ಇನ್ನು ಮುಂದೆ ಅವರ ಹೆಸರಿಡುತ್ತೇವೆ ಎಂದು ಕಾರ್ಯದರ್ಶಿಗಳು ಸಾರಿದರು. ಸತ್ತವರ ಸಭೆ ಎಂಬುದನ್ನೂ ಮರೆತು ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ತನಕ ಕಾದು ನಾನು ಎದ್ದು ನಿಂತೆ.

“ಇನ್ನೊಂದು ಪುಟ ಉಳಿದಿದೆ,” ಎಂದೆ. “ಮಾಮಾ ರಾಜೀನಾಮೆ ಕೊಟ್ಟಿರಲಿಲ್ಲ. ಅದು ನಿಮಗೆಲ್ಲ ಗೊತ್ತು. ಯಾರಾದರೂ ಒಬ್ಬರು ಎದ್ದು ತಪ್ಪಾಯಿತು ಅನ್ನಿ. ಆಮೇಲೆ ಊಟ ಮಾಡೋಣ.”

ಯಾರೂ ಏಳಲಿಲ್ಲ. ಒಳಗೆ ಎಲೆಗಳಿಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಕಾರ್ಯದರ್ಶಿಗಳು ಹತ್ತಿರ ಬಂದು, ಮಗುವಿಗೆ ಹೇಳುವಂತೆ ನನ್ನ ತಲೆಯ ಮೇಲೆ ಕೈಯಿಟ್ಟರು.

“ಕಾಶಿಯಾಗ ಹುಟ್ಟಿ ಬೆಳದಾಕಿ ನೀನು. ಇಲ್ಲಿ ಬಂದವ್ರು ಏನರೆ ಬಿಟ್ಟು ಹೋಗ್ಬೇಕಂತದ. ನೀ ಈ ಸಿಟ್ಟು ಬಿಟ್ಟುಬಿಡವಾ.”

“ಹಾಗಲಕಾಯಿ ಬಿಡ್ತೀನಿ ತಗೋರಿ,” ಎಂದು ಹೇಳಿ, ಊಟಕ್ಕೆ ಕೂರದೆ ಹೊರಗೆ ಬಂದೆ. ಹಾಗಲಕಾಯಿಯನ್ನು ಅವತ್ತಿನಿಂದ ಮುಟ್ಟಿಲ್ಲ.